ಕೆರೆ ಉಳಿಸಿ, ಊಟಕ್ಕೆ ಬನ್ನಿ

ಜೌಗುಭೂಮಿ ಸಂರಕ್ಷಣೆಯ ಸಮ್ಮೇಳನವೆಂದರೆ ಕೆಸರು ತುಳಿಯಬೇಕೆಂದು ಹೆದರಬೇಡಿ. ತಾರಾ ಹೋಟೆಲು. ನಡುಗಿಸುವ ಏಸಿ. ಕಾಲಡಿ ರತ್ನಗಂಬಳಿ. ವೇದಿಕೆಯಲ್ಲಿ ಗಣ್ಯರ ಮುಂದೆ ಒಂದೊಂದು ಪ್ಲಾಸ್ಟಿಕ್ ಬಾಟಲಿ ನೀರು. ಹಿಂದೆ ಆಳೆತ್ತರದ ಫ್ಲೆಕ್ಸ್, ಅದರ ತುಂಬ ರಾಜಹಂಸ. ಚರ್ಚೆ ಮಾತ್ರ ಬೆಂಗಳೂರಿನ ಕೆರೆಗಳದ್ದು.

ಮುಖ್ಯ ಅತಿಥಿಗಳು ತಡವಾಗಿ ಬಂದರು. ದೀಪ ಹಚ್ಚಿದರು. ಚಿಕ್ಕವರಿದ್ದಾಗ ಊರ ಕೆರೆಯಲ್ಲಿ ಈಜಿದ್ದನ್ನು ಅರ್ಧ ಗಂಟೆ ನೆನೆದರು. ಆ ಕೆರೆ ಈಗ ಯಾರ ಹೆಸರಿನಲ್ಲಿದೆ ಸ್ವಾಮಿ ಎಂದು ಕೇಳೋಣವೆಂದರೆ, ಅವರಿಗೆ ಇನ್ನೊಂದು ಕಾರ್ಯಕ್ರಮವಿತ್ತು.

ಅವರು ನುಂಗಿದ ಸಮಯವನ್ನು ತುಂಬಿಸಿಕೊಟ್ಟವರು ನಾವು, ಪ್ರಬಂಧ ಮಂಡಿಸುವವರು. ಹತ್ತು ನಿಮಿಷ ಐದಕ್ಕಿಳಿಯಿತು.

ನಾನು ಹೇಳಹೊರಟದ್ದು ರಾಕೆಟ್ ವಿಜ್ಞಾನವಲ್ಲ. ಕೊಳಚೆಯೊಂದಿಗೆ ಸಾರಜನಕ, ರಂಜಕ ಬರುತ್ತವೆ. ಅವನ್ನುಂಡು ಅಂತರಗಂಗೆ ಕೊಬ್ಬುತ್ತದೆ. ಕೊಳೆತಾಗ ನೀರಿನ ಆಮ್ಲಜನಕ ಬರಿದಾಗುತ್ತದೆ, ಮೀನು ಸಾಯುತ್ತದೆ. ಮಾರ್ಜಕದ ನೊರೆ ಕೋಡಿಯಲ್ಲಿ ಉಕ್ಕುತ್ತದೆ. ಇಷ್ಟರಲ್ಲಿ ಗಂಟೆ ಬಾರಿಸಿದರು.

ಒಬ್ಬರು ಎದ್ದು, ‘ಮಾದರಿಗಳ ಸಂಖ್ಯೆ ಸಾಲದು’ ಎಂದರು. ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿ ಬಿತ್ತು. 2017ರಲ್ಲಿ ಬಿತ್ತು. 2018ರಲ್ಲಿ ಬಿದ್ದಾಗ ಆರಿಸಲು ಸೈನಿಕರೇ ಬರಬೇಕಾಯಿತು. ಇನ್ನೆಷ್ಟು ಸಲ ಉರಿದರೆ ಮಾದರಿ ಸಾಕಾಗುತ್ತದೋ!

ಕಡೆಗೆ ನಿರ್ಣಯ: ಹೆಚ್ಚಿನ ಅಧ್ಯಯನ ಅಗತ್ಯ. ಚಪ್ಪಾಳೆ.

ಅಧ್ಯಯನಕ್ಕೇನು ಬರವೇ? ಕೆರೆ ಒಡೆಯಬೇಡಿ, ಒತ್ತುವರಿ ತೆರವು ಮಾಡಿ, ಕೊಳಚೆ ಬಿಡಬೇಡಿ ಎಂದು ಬೆಂಗಳೂರಿನ ಕೆರೆಗಳ ಕುರಿತ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿಯಾಗಿದೆ. ಧರ್ಮಾಂಬುಧಿ ಕೆರೆಯಲ್ಲಿ ಆ ಹೊತ್ತಿಗೆ ಬಸ್ಸು ನಿಲ್ಲುತ್ತಿತ್ತು, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವಿತ್ತು. ಮಿಕ್ಕವನ್ನಾದರೂ ಉಳಿಸಬಹುದಿತ್ತು. ವರದಿಯನ್ನೇನೋ ಉಳಿಸಿಕೊಂಡೆವು.

ಇದಕ್ಕಿಂತ ದೊಡ್ಡ ತಮಾಷೆ ದೆಹಲಿಯದು. ಭತ್ತದ ಗದ್ದೆಯನ್ನೂ ಮನುಷ್ಯ ಕಟ್ಟಿದ ಕೆರೆಯನ್ನೂ ಜೌಗುಭೂಮಿ ಎಂದು ಒಪ್ಪುವ ರಾಮ್ಸಾರ್ ಒಪ್ಪಂದಕ್ಕೆ ನಾವು 1982ರಲ್ಲೇ ಸೇರಿದ್ದೇವೆ. ಆದರೆ 2017ರ ನಮ್ಮದೇ ಜೌಗುಭೂಮಿ ನಿಯಮಗಳು ಗದ್ದೆಯನ್ನೂ, ಕುಡಿಯುವ ನೀರಿಗೆ, ನೀರಾವರಿಗೆ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟವು. ನಮ್ಮ ಹಿರಿಯರು ಏರಿ ಕಟ್ಟಿ, ತೂಬು ಇಟ್ಟು, ನೀರುಗಂಟಿಯನ್ನು ನೇಮಿಸಿದ್ದು ನೀರಾವರಿಗಲ್ಲದೆ ದೋಣಿವಿಹಾರಕ್ಕೇ? ಅಂದರೆ ಕರ್ನಾಟಕದ ಬಹುಪಾಲು ಕೆರೆ ಈ ನಿಯಮದ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಗದಗದ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ, ಎರಡೂ ನೀರಾವರಿಗೆಂದೇ ಕಟ್ಟಿದವು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ಬೆನ್ನು ತಟ್ಟಿಕೊಂಡವರೂ ಇದೇ ದೆಹಲಿಯವರು. ಹಕ್ಕಿಗಳು ಪುಣ್ಯಕ್ಕೆ ಗೆಜೆಟ್ ಓದುವುದಿಲ್ಲ.

ಇದನ್ನು ನಾನು ಕೊನೆಯ ಸ್ಲೈಡಿನಲ್ಲಿ ಹಾಕಿದ್ದೆ. ಸಮಯವಿಲ್ಲ ಎಂದರು. ಊಟದ ಸಾಲಿನಲ್ಲಿ ಒಬ್ಬ ಅಧಿಕಾರಿಗೆ ಹೇಳಿದೆ. ‘ಒಳ್ಳೆಯ ಪಾಯಿಂಟು’ ಎಂದು ಮೀನಿನ ಫ್ರೈ ಹಾಕಿಸಿಕೊಂಡರು. ಸಮುದ್ರದ್ದಂತೆ. ಕೆರೆಮೀನು ತಿನ್ನಲು ಧೈರ್ಯ ಬೇಕು, ಬಿಡಿ.

ಎರಡು ದಿನ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಒಬ್ಬ ನೀರುಗಂಟಿ ಇಲ್ಲ, ಒಬ್ಬ ಮೀನುಗಾರ ಇಲ್ಲ. ‘ಸಮುದಾಯದ ಸಹಭಾಗಿತ್ವ’ ಎಂಬ ಗೋಷ್ಠಿ ಮಾತ್ರ ಇತ್ತು. ವಿದ್ಯಾರ್ಥಿಗಳ ಭಿತ್ತಿಪತ್ರಗಳನ್ನು ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ತೂಗುಹಾಕಿದ್ದರು. ಹೆಚ್ಚು ಜನ ಓದಿದ್ದು ಅವನ್ನೇ.

ಸಮ್ಮೇಳನಗಳು ಹೀಗೆ ನಡೆಯುತ್ತಿರುವಾಗ, ಚಿಕ್ಕ ಕೆರೆಗಳ ಸುತ್ತ ಇದ್ದ 30 ಮೀಟರ್ ಮೀಸಲು ಅಂಚನ್ನು ಕುಗ್ಗಿಸುವ ತಿದ್ದುಪಡಿಗೆ 2025ರಲ್ಲಿ ನಮ್ಮ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಅದಕ್ಕೆ ಯಾರೂ ಮಾದರಿಗಳ ಸಂಖ್ಯೆ ಕೇಳಿದಂತಿಲ್ಲ.

ಮುಂದಿನ ಸಮ್ಮೇಳನಕ್ಕೆ ಸಾರಾಂಶ ಕಳಿಸಿ ಎಂಬ ಮಿಂಚಂಚೆ ಆಗಲೇ ಬಂದಿದೆ. ನೋಂದಣಿ ಶುಲ್ಕಕ್ಕೆ ಜಿಎಸ್‌ಟಿ ಪ್ರತ್ಯೇಕ.