ಆವತ್ತು ನಾನಲ್ಲೇ ಇದ್ದೆ ಕಣ್ರೀ!

2002ರ ಆಗಸ್ಟ್ 3ರಂದು ಬಾಬ್ ಡಿಲನ್ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆ ಹತ್ತಿದಾಗ ಜನರ ಕಣ್ಣಿಗೆ ಮೊದಲು ಬಿದ್ದದ್ದು ಗಡ್ಡ. ಅದು ಅಂಟಿಸಿಕೊಂಡ ಗಡ್ಡ. ಹೆಗಲಿಗೆ ಇಳಿಬಿದ್ದಿದ್ದ ಕೂದಲೂ ಸ್ವಂತದ್ದಲ್ಲ. ಮೇಲೊಂದು ಕೌಬಾಯ್ ಟೋಪಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಈ ಕಡಲತಡಿಯ ಉತ್ಸವದಲ್ಲಿ ಅವರು ಹಾಡಿ ಮೂವತ್ತೇಳು ವರ್ಷಗಳಾಗಿದ್ದವು. ಹಿಂದಿನ ಸಲ, ಅಂದರೆ 1965ರಲ್ಲಿ, ದೊಡ್ಡ ರಂಪವೇ ಆಗಿತ್ತು. ಹಳೆಯ ಜಗಳ ಈಗಲಾದರೂ ಬಗೆಹರಿದೀತು, ಎರಡು ಹನಿ ಕಣ್ಣೀರಾದರೂ ಹಾಕೋಣ ಎಂದು ಕಾದು ಕೂತವರ ಮುಂದೆ ಅವರು ಕಂಪನಿ ನಾಟಕದ ಮೇಕಪ್ ಕೋಣೆಯಿಂದ ಎದ್ದು ಬಂದವರ ಹಾಗೆ ನಿಂತರು, ಹಾಡಿದರು, ಒಂದು ಮಾತೂ ವಿವರಣೆ ಕೊಡದೆ ಹೊರಟರು.

ಆ ಗಡ್ಡದ ಬಗ್ಗೆ ಅಭಿಮಾನಿಗಳ ನಡುವೆ ಇವತ್ತಿಗೂ ಒಮ್ಮತವಿಲ್ಲ. ಹಳೆಯ ಅವಮಾನಕ್ಕೆ ಕೊಟ್ಟ ಏಟು ಅದು ಎನ್ನುತ್ತದೆ ಒಂದು ಪಂಗಡ. ಆ ಸುಮಾರಿನಲ್ಲೇ ‘ಗಾಡ್ಸ್ ಅಂಡ್ ಜನರಲ್ಸ್’ ಸಿನಿಮಾಕ್ಕಾಗಿ ಹಾಡಿದ ಹಾಡಿನ ವಿಡಿಯೋದಲ್ಲೂ ಅವರದು ಇದೇ ವೇಷ, ಇದರಲ್ಲಿ ಗೂಢಾರ್ಥ ಹುಡುಕಬೇಡಿ ಎನ್ನುತ್ತದೆ ಇನ್ನೊಂದು. ಅವರು ಏನು ಹಾಡಿದರು ಎಂದು ಕೇಳಿದರೆ ಮಾತ್ರ ಎರಡೂ ಪಂಗಡಗಳು ತುಸು ತಡವರಿಸುತ್ತವೆ.

ಡಿಲನ್ ಅಭಿಮಾನಿಗಳ ನೆನಪಿನ ಮಹಿಮೆಯೇ ಇದು. ಬೇರೆ ಗಾಯಕರ ಅಭಿಮಾನಿಗಳು ಕಛೇರಿ ಮುಗಿಸಿಕೊಂಡು ಬರುವಾಗ ಹಾಡು ಗುನುಗುತ್ತಾ ಬರುತ್ತಾರೆ. ಇವರು ತಕರಾರು ಕಟ್ಟಿಕೊಂಡು ಬರುತ್ತಾರೆ. ಆ ತಕರಾರನ್ನು ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ಜೋಪಾನ ಮಾಡುತ್ತಾರೆ. ‘ಚೆನ್ನಾಗಿತ್ತು’ ಎಂದು ನೆನೆಯುವ ಕಛೇರಿ ವಾರದಲ್ಲಿ ಮರೆತುಹೋಗುತ್ತದೆ. ‘ಹಾಳು ಮಾಡಿಬಿಟ್ಟ’ ಎಂದ ಕಛೇರಿಗೆ ಸಾವೇ ಇಲ್ಲ.

ಎಲ್ಲ ತಕರಾರುಗಳ ತವರುಮನೆ 1965ರ ಜುಲೈ 25ರ ಭಾನುವಾರದ ರಾತ್ರಿ. ಡಿಲನ್‌ಗೆ ಆಗ 24 ವರ್ಷ. ಮರದ ಗಿಟಾರು, ಕೊರಳಲ್ಲಿ ಹಾರ್ಮೋನಿಕಾ ತೂಗುಹಾಕಿಕೊಂಡು ಹಾಡುತ್ತಿದ್ದ ಜಾನಪದದ ಮುದ್ದಿನ ಮಗ ಆ ರಾತ್ರಿ ಚರ್ಮದ ಕೋಟು ತೊಟ್ಟು ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಎಂಬ ವಿದ್ಯುತ್ ಗಿಟಾರ್ ಹಿಡಿದು ಬಂದ. ಬೆನ್ನಿಗೆ ಮೈಕ್ ಬ್ಲೂಮ್‌ಫೀಲ್ಡ್, ಆಲ್ ಕೂಪರ್ ಮತ್ತು ಪಾಲ್ ಬಟರ್‌ಫೀಲ್ಡ್ ತಂಡದ ಕೆಲವರು. ‘ಮ್ಯಾಗೀಸ್ ಫಾರ್ಮ್’ ಶುರುವಾಯಿತು. ಮೂರು ಹಾಡು ಮುಗಿಸಿ ಎಲ್ಲರೂ ಒಳಗೆ ಹೋದರು. ಜನ ‘ಬೂ’ ಎಂದರು.

ಯಾರು ಅಂದರು? ಎಷ್ಟು ಜನ ಅಂದರು? ಯಾಕೆ ಅಂದರು? ಇಲ್ಲಿಂದ ಮುಂದೆ ತಲೆಗೊಂದು ಮಾತು. ಜಾನಪದಕ್ಕೆ ದ್ರೋಹ ಬಗೆದ ಎಂದು ಕೂಗಿದರು ಎಂಬುದು ಪಠ್ಯಪುಸ್ತಕದ ಉತ್ತರ. ಮೈಕು ಗೊರಗೊರ ಎನ್ನುತ್ತಿತ್ತು, ಒಂದಕ್ಷರ ಕೇಳಲಿಲ್ಲ, ಅದಕ್ಕೇ ಕೂಗಿದೆವು ಎನ್ನುತ್ತಾರೆ ಇನ್ನು ಕೆಲವರು. ಅಂದು ಆರ್ಗನ್ ನುಡಿಸಿದ ಕೂಪರ್ ಅವರದು ಮೂರನೆಯ ವಾದ: ಇಷ್ಟು ದೂರದಿಂದ ಬಂದು ಕೂತರೆ ಮೂರೇ ಹಾಡಾ ಎಂಬ ಸಿಟ್ಟಿಗೆ ಜನ ಕೂಗಿದರಂತೆ. ಬಸ್ ಚಾರ್ಜಿನ ಲೆಕ್ಕ ಗೊತ್ತಿರುವ ಯಾರಿಗಾದರೂ ಮೂರನೆಯದೇ ಹೆಚ್ಚು ನಂಬಿಕೆಗೆ ಅರ್ಹ ಎನಿಸೀತು.

ಮರ್ರೆ ಲರ್ನರ್ ಎಂಬ ನಿರ್ದೇಶಕರು ಆ ವರ್ಷಗಳ ಉತ್ಸವವನ್ನು ಚಿತ್ರೀಕರಿಸಿದ್ದರು. 2007ರಲ್ಲಿ ಆ ಸಿನಿಮಾ ಹೊರಬಂದಾಗ ವ್ಯಾಜ್ಯ ಮುಗಿಯಿತು ಎಂದುಕೊಂಡವರಿದ್ದರು. ಮುಗಿಯುವುದೆಲ್ಲಿ! ಗದ್ದಲವೇನೋ ಕೇಳುತ್ತದೆ; ಅದು ಬೈಗುಳವೋ, ಚಪ್ಪಾಳೆಯೋ, ‘ಇನ್ನೊಂದು ಹಾಡು’ ಎಂಬ ಬೇಡಿಕೆಯೋ ಎನ್ನುವುದು ಕೇಳುವವರು ಯಾವ ಪಕ್ಷ ಎಂಬುದರ ಮೇಲೆ ನಿಂತಿದೆ.

ಕೊಡಲಿಯ ಕಥೆಯೂ ಇದೇ ರಾತ್ರಿಯದು. ಹಿರಿಯ ಜಾನಪದ ಗಾಯಕ ಪೀಟ್ ಸೀಗರ್ ಕೊಡಲಿ ಹಿಡಿದು ಮೈಕಿನ ತಂತಿ ಕಡಿಯಲು ಓಡಿದರು ಎಂದು ಕಣ್ಣಾರೆ ಕಂಡವರ ಹಾಗೆ ಹೇಳುವವರಿದ್ದಾರೆ. ಸೀಗರ್ ಅವರೇ ಕೊಟ್ಟ ಸಮಜಾಯಿಷಿ ಬೇರೆ: ಕೈಯಲ್ಲಿ ಕೊಡಲಿ ಇದ್ದಿದ್ದರೆ ಕಡಿದುಬಿಡುತ್ತಿದ್ದೆ ಎಂದಿದ್ದರಷ್ಟೇ; ಅದೂ ಹಾಡಿನ ಪದಗಳು ಕೇಳದಷ್ಟು ಕರ್ಕಶವಾಗಿದ್ದ ಧ್ವನಿವರ್ಧಕದ ಮೇಲಿನ ಕೋಪಕ್ಕೆ. ‘ಇದ್ದಿದ್ದರೆ’ ಎಂಬ ಪದ ಬಾಯಿಂದ ಬಾಯಿಗೆ ದಾಟುವಾಗ ಎಲ್ಲೋ ಬಿದ್ದುಹೋಯಿತು, ಕೊಡಲಿ ಮಾತ್ರ ಉಳಿಯಿತು. ಅದೇ ಉತ್ಸವದಲ್ಲಿ ನಿಜವಾಗಿ ನಡೆದ ಹೊಡೆದಾಟ ಹೆಚ್ಚು ಜನಕ್ಕೆ ನೆನಪಿಲ್ಲ. ಬಟರ್‌ಫೀಲ್ಡ್ ತಂಡವನ್ನು ಜಾನಪದ ವಿದ್ವಾಂಸ ಅಲನ್ ಲೋಮ್ಯಾಕ್ಸ್ ವ್ಯಂಗ್ಯವಾಗಿ ಪರಿಚಯಿಸಿದರೆಂದು ಡಿಲನ್ ಅವರ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ರೇಗಿದರು. ಮೈತುಂಬಿದ ಈ ಇಬ್ಬರು ದೊಡ್ಡ ಮನುಷ್ಯರು ಮಾತಿಗೆ ಮಾತು ಬೆಳೆದು ಎಲ್ಲರೆದುರೇ ನೆಲದ ಮೇಲೆ ಬಿದ್ದು ಹೊರಳಾಡಿದರು. ಜಾನಪದದ ಶುದ್ಧಿ ಕುರಿತ ವಿಚಾರ ಸಂಕಿರಣ ಇಷ್ಟು ಪ್ರಾಮಾಣಿಕವಾಗಿ ಇನ್ನೆಲ್ಲೂ ನಡೆದಿರಲಾರದು.

ರಂಪವಾದ ಮೇಲೆ ನಿರೂಪಕ ಪೀಟರ್ ಯಾರೊ ಅವರು ಗೋಗರೆದು ಡಿಲನ್‌ರನ್ನು ಮತ್ತೆ ಹೊರಗೆ ಕರೆತಂದರು. ಈ ಸಲ ಮರದ ಗಿಟಾರು. ನೋಡಿದರೆ ಬೇಕಾದ ಹಾರ್ಮೋನಿಕಾ ಇಲ್ಲ. ಯಾರ ಹತ್ತಿರವಾದರೂ ‘ಇ’ ಶ್ರುತಿಯದು ಇದೆಯೇ ಎಂದು ಸಭೆಯನ್ನೇ ಕೇಳಿದರು. ಕತ್ತಲೆಯಿಂದ ಹಾರ್ಮೋನಿಕಾಗಳು ಹಾರಿಬಂದು ದಡಬಡನೆ ವೇದಿಕೆಗೆ ಬಿದ್ದವು. ಸ್ವಲ್ಪ ಹೊತ್ತಿನ ಹಿಂದೆ ದ್ರೋಹಿ ಎನಿಸಿಕೊಂಡವನಿಗೆ ಜೇಬಿನ ವಾದ್ಯ ತೆಗೆದು ಎಸೆಯುವ ಈ ಜನರನ್ನು ಏನೆನ್ನಬೇಕು? ಎಸೆದವರಿಗೆ ಅವು ವಾಪಸು ಸಿಕ್ಕವೋ ಎಂದು ಮಾತ್ರ ಯಾರೂ ಕೇಳಿದಂತಿಲ್ಲ.

ಡಿಲನ್ ಅವರೂ ಒಂದನ್ನು ಕಳೆದುಕೊಂಡರು. ಜಗತ್ತನ್ನೇ ಇಬ್ಭಾಗ ಮಾಡಿದ ಆ ಸ್ಟ್ರಾಟೊಕಾಸ್ಟರನ್ನು ಖಾಸಗಿ ವಿಮಾನವೊಂದರಲ್ಲಿ ಬಿಟ್ಟು ಇಳಿದರು. ವಿಮಾನ ಚಾಲಕನ ಮನೆಯಲ್ಲಿ ದಶಕಗಟ್ಟಲೆ ಮಲಗಿದ್ದ ಅದು 2013ರ ಡಿಸೆಂಬರ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 9,65,000 ಡಾಲರಿಗೆ ಹೋಯಿತು. ಬೂ ಎನಿಸಿಕೊಂಡ ಮರಕ್ಕೆ ಇದು ಕಡಿಮೆ ಬೆಲೆಯೇನಲ್ಲ.

ಇನ್ನೊಂದು ಕೂಗಿನ ಕಥೆ ಇದಕ್ಕಿಂತ ಸೊಗಸು. 1966ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ, ಇದೇ ವಿದ್ಯುತ್ ಗಿಟಾರಿನ ಕೋಪಕ್ಕೆ, ಸಭಿಕನೊಬ್ಬ ‘ಜೂಡಾಸ್’ ಎಂದು ಅರಚಿದ. ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರದು. ಕ್ರೈಸ್ತ ನಾಡಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ. ಆ ಕಛೇರಿಯ ಕಳ್ಳ ಧ್ವನಿಮುದ್ರಿಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದೆಂಬ ತಪ್ಪು ಹೆಸರು ಹೊತ್ತು ಲೋಕವೆಲ್ಲ ಸುತ್ತಿತು. 1998ರಲ್ಲಿ ಅಧಿಕೃತವಾಗಿ ಹೊರತಂದಾಗ ಕಂಪನಿಯವರು ತಪ್ಪನ್ನು ತಿದ್ದುವ ಬದಲು ‘ರಾಯಲ್ ಆಲ್ಬರ್ಟ್ ಹಾಲ್’ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಕೂರಿಸಿ ಕೈತೊಳೆದುಕೊಂಡರು. ಕೂಗಿದವನು ಯಾರು? ‘ನಾನೇ’ ಎಂದು ಮುಂದೆ ಬಂದವರು ಒಬ್ಬರಲ್ಲ, ಇಬ್ಬರು. ಸಭೆಯಲ್ಲಿ ಗಲಾಟೆ ಮಾಡಿದ್ದು ನಾನಲ್ಲ ಎಂದು ನುಣುಚಿಕೊಳ್ಳುವುದು ಲೋಕರೂಢಿ. ಇಲ್ಲಿ ಅಪರಾಧ ಒಂದು, ತಪ್ಪೊಪ್ಪಿಗೆ ಎರಡು.

ಇಷ್ಟು ಸಾಲದೆಂಬಂತೆ 2024ರಲ್ಲಿ ‘ಎ ಕಂಪ್ಲೀಟ್ ಅನ್‌ನೋನ್’ ಸಿನಿಮಾ ಬಂತು. ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್ ಆ ‘ಜೂಡಾಸ್’ ಕೂಗನ್ನು ಮ್ಯಾಂಚೆಸ್ಟರಿನಿಂದ ಎತ್ತಿ, ಅಟ್ಲಾಂಟಿಕ್ ಸಾಗರ ದಾಟಿಸಿ, ಒಂದು ವರ್ಷ ಹಿಂದಕ್ಕೆ ತಳ್ಳಿ ನ್ಯೂಪೋರ್ಟಿನಲ್ಲಿ ಇಳಿಸಿದರು. ಇನ್ನು ಇಪ್ಪತ್ತು ವರ್ಷ ಕಳೆಯಲಿ, ಅದನ್ನು ನ್ಯೂಪೋರ್ಟಿನಲ್ಲೇ ಕಿವಿಯಾರೆ ಕೇಳಿದ ಅಜ್ಜಂದಿರು ಹುಟ್ಟಿಕೊಳ್ಳದಿದ್ದರೆ ಹೇಳಿ.

ಬೈಗುಳವಿಲ್ಲದ ನಿರಾಶೆಯೂ ಉಂಟು. 1969ರ ಆಗಸ್ಟ್ 31, ಇಂಗ್ಲೆಂಡಿನ ವೈಟ್ ದ್ವೀಪ. ಮೋಟರ್‌ಸೈಕಲ್ ಅಪಘಾತದ ನಂತರ ಮೂರು ವರ್ಷ ಮರೆಯಲ್ಲಿದ್ದ ಡಿಲನ್ ಹಾಡುತ್ತಾರೆಂದು ಒಂದೂವರೆ ಲಕ್ಷದಷ್ಟು ಜನ ಸೇರಿದ್ದರು. ಎರಡು ವಾರದ ಹಿಂದೆ ಅವರ ಮನೆ ಇದ್ದ ಊರಿನ ಹೆಸರಿಟ್ಟುಕೊಂಡೇ ವುಡ್‌ಸ್ಟಾಕ್ ಉತ್ಸವ ನಡೆದಿತ್ತು. ಅಲ್ಲಿಗೆ ಹೋಗದ ಡಿಲನ್ ಇಲ್ಲಿಗೆ ಬಂದಿದ್ದರು. ಮೂರು ತಾಸು ಹಾಡುತ್ತಾರಂತೆ, ಬೀಟಲ್ಸ್ ಕೂಡ ವೇದಿಕೆ ಹತ್ತುತ್ತಾರಂತೆ ಎಂದು ಗಾಳಿಸುದ್ದಿ. ಜಾನ್ ಲೆನನ್, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಬಂದು ಮುಂದೆ ಕೂತದ್ದೂ ನಿಜವೇ. ರಾತ್ರಿ ಹನ್ನೊಂದರ ಹೊತ್ತಿಗೆ ಬಿಳಿ ಸೂಟು ತೊಟ್ಟು ಬಂದ ಡಿಲನ್ ಒಂದು ಗಂಟೆ ಹಾಡಿ ನಡೆದುಬಿಟ್ಟರು. ಬೀಟಲ್ಸ್ ಕೂತಲ್ಲಿಂದ ಏಳಲೇ ಇಲ್ಲ. ‘ಒಂದೇ ಗಂಟೆ’ ಎಂಬ ಗೊಣಗಾಟ 44 ವರ್ಷ ನಡೆಯಿತು. 2013ರಲ್ಲಿ ಇಡೀ ಕಛೇರಿಯ ಧ್ವನಿಮುದ್ರಣ ಹೊರಬಂದಾಗ ಕೇಳಿದರೆ, ಗಾಯನ ಮೃದುವಾಗಿದೆ, ದಿ ಬ್ಯಾಂಡ್ ತಂಡದ ವಾದನ ಹದವಾಗಿದೆ. ಅವತ್ತು ಗಡಿಯಾರ ನೋಡುತ್ತಾ ಕೂತವರಿಗೆ ಹಾಡು ಕಿವಿಗೆ ಬಿದ್ದೇ ಇರಲಿಲ್ಲವೇನೋ.

ವಯಸ್ಸಾದ ಮೇಲೆ ಡಿಲನ್ ಅಭಿಮಾನಿಗಳಿಗೆ ಹೊಸ ಪರೀಕ್ಷೆ ಒಡ್ಡಿದರು. ಹಳೆಯ ಹಾಡಿನ ಧಾಟಿ, ಲಯ, ಕೆಲವೊಮ್ಮೆ ಪದಗಳನ್ನೂ ಬದಲಿಸಿ ಹಾಡುವುದು ಅವರ ಪದ್ಧತಿ. ಸಭೆಯಲ್ಲಿ ಮೊದಲ ಚರಣದ ಹೊತ್ತಿಗೆ ಪಿಸುಮಾತು, ಎರಡನೆಯದಕ್ಕೆ ಅನುಮಾನ, ಮೂರನೆಯದಕ್ಕೆ ಯಾವ ಹಾಡೆಂದು ಪತ್ತೆಯಾದವನೊಬ್ಬನ ಹರ್ಷೋದ್ಗಾರ. ಅಷ್ಟರಲ್ಲಿ ಹಾಡು ಮುಗಿದಿರುತ್ತದೆ. ನಲವತ್ತು ವರ್ಷದಿಂದ ಬಾಯಿಪಾಠ ಮಾಡಿಕೊಂಡು ಬಂದವರು ಜೊತೆಯಲ್ಲಿ ಹಾಡಹೋಗಿ ಅರ್ಧ ಸಾಲಿಗೇ ಬಾಯಿ ಮುಚ್ಚಿಕೊಂಡದ್ದು ಅಪರೂಪವಲ್ಲ.

2016ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯೊ ಮರುಭೂಮಿಯಲ್ಲಿ ‘ಡೆಸರ್ಟ್ ಟ್ರಿಪ್’ ಉತ್ಸವ ನಡೆಯಿತು. ಡಿಲನ್, ರೋಲಿಂಗ್ ಸ್ಟೋನ್ಸ್, ನೀಲ್ ಯಂಗ್, ಪಾಲ್ ಮೆಕಾರ್ಟ್ನಿ, ರೋಜರ್ ವಾಟರ್ಸ್, ದಿ ಹೂ: ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಬ್ರಿಟಿಷ್ ಸಂಗೀತಗಾರರ ವೃದ್ಧಾಶ್ರಮಕ್ಕೆ ಸ್ವಾಗತ ಎಂದು ಸ್ಟೋನ್ಸ್ ತಂಡದ ಮಿಕ್ ಜಾಗರ್ ಅವರೇ ವೇದಿಕೆಯಿಂದ ನಗೆಯಾಡಿದರು. ಒಂದೇ ಕಾರ್ಯಕ್ರಮ ಎರಡು ವಾರಾಂತ್ಯ. ಮೊದಲ ಸುತ್ತು ಮುಗಿದು ಎರಡನೆಯದು ಶುರುವಾಗುವ ಮುನ್ನಾದಿನ, ಅಕ್ಟೋಬರ್ 13ಕ್ಕೆ, ಡಿಲನ್‌ಗೆ ಸಾಹಿತ್ಯದ ನೊಬೆಲ್ ಘೋಷಣೆಯಾಯಿತು. ಮರುದಿನ ಮರುಭೂಮಿಯಲ್ಲಿ ಸಾವಿರಾರು ಜನ ಉಸಿರು ಬಿಗಿಹಿಡಿದು ಕಾದರು. ಒಂದು ಥ್ಯಾಂಕ್ಸ್, ಹೋಗಲಿ ಒಂದು ನಗೆಯಾದರೂ? ಡಿಲನ್ ಎಂದಿನ ಹಾಗೆ ಹಾಡಿ ಎಂದಿನ ಹಾಗೆ ಹೋದರು. ಆಮೇಲೆ ಬಂದ ಜಾಗರ್ ಅವರೇ, ನೊಬೆಲ್ ಪಡೆದವರ ಜೊತೆ ವೇದಿಕೆ ಹಂಚಿಕೊಂಡದ್ದು ನಮಗೆ ಇದೇ ಮೊದಲು ಎಂದು ಅಭಿನಂದನೆಯ ಶಾಸ್ತ್ರ ಮುಗಿಸಬೇಕಾಯಿತು. ಆ ರಾತ್ರಿ ಅಲ್ಲಿದ್ದವರು ಈಗ ಹೆಮ್ಮೆಯಿಂದ ಸಾರುವುದು ಅದನ್ನೇ: ಅವರು ಏನೂ ಹೇಳಲಿಲ್ಲ, ಅದನ್ನು ನಾವು ಸಾಕ್ಷಾತ್ ಕೇಳಿದೆವು!

ಬರುತ್ತಾರೋ ಇಲ್ಲವೋ ಎಂಬುದು ಅಭಿಮಾನಿಗಳಿಗಷ್ಟೇ ಅಲ್ಲ, ಕರೆದವರಿಗೂ ಗೊತ್ತಿರುವುದಿಲ್ಲ. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನಡೆಸಿದ ಬಾಂಗ್ಲಾದೇಶ ಸಹಾಯಾರ್ಥ ಕಛೇರಿಯಲ್ಲಿ, ಹ್ಯಾರಿಸನ್ ಗಿಟಾರಿಗೆ ಅಂಟಿಸಿಕೊಂಡಿದ್ದ ಹಾಡುಗಳ ಪಟ್ಟಿಯಲ್ಲಿ ‘ಬಾಬ್’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ತಿರುಗಿ ನೋಡಿದರೆ ಡಿಲನ್ ನಡೆದುಬರುತ್ತಿದ್ದರು. ನಮ್ಮ ಶಿಲಾಂಗಿನ ಗಾಯಕ ಲೂ ಮಜಾವ್ ಈ ಗೊಡವೆಗೇ ಹೋಗಲಿಲ್ಲ. 1972ರಿಂದ ಪ್ರತಿ ಮೇ 24ಕ್ಕೆ, ಚಡ್ಡಿ ತೊಟ್ಟು, ಡಿಲನ್ ಹುಟ್ಟುಹಬ್ಬವನ್ನು ಡಿಲನ್ ಇಲ್ಲದೆಯೇ ಆಚರಿಸುತ್ತಾ ಬಂದರು. ಹಾಡುಗಳ ಗುರುತಾದರೂ ಸಿಗುವ ಡಿಲನ್ ಉತ್ಸವ ಬೇಕೆಂದರೆ ಶಿಲಾಂಗೇ ವಾಸಿ.

2022ರ ಯುರೋಪ್ ಪ್ರವಾಸದಿಂದೀಚೆಗೆ ಅವರ ಅನೇಕ ಕಛೇರಿಗಳಲ್ಲಿ ಫೋನನ್ನು ಬಾಗಿಲಲ್ಲೇ ಬೀಗದ ಚೀಲಕ್ಕೆ ಹಾಕಿಸುತ್ತಾರೆ. ಚೀಲ ಕೈಯಲ್ಲೇ ಇರುತ್ತದೆ, ಬೀಗ ತೆಗೆಯುವುದು ಹೊರಗೆ ಹೋಗುವಾಗ. ಒಂದಿಷ್ಟು ಹೊತ್ತು ಜನ ಚೀಲವನ್ನೇ ಹಿಂಡಿ ನೋಡುತ್ತಾರಂತೆ. ಆಮೇಲೆ ಬೇರೆ ದಾರಿಯಿಲ್ಲದೆ ವೇದಿಕೆ ನೋಡುತ್ತಾರೆ. ಹಾಗಾಗಿ ಈ ಕಾಲದ ಅಭಿಮಾನಿಯ ಹತ್ತಿರವೂ ಪುರಾವೆ ಇಲ್ಲ, ಬರೀ ನೆನಪು. ಜಗಳಕ್ಕೆ ಇನ್ನೂ ಐವತ್ತು ವರ್ಷದ ಸರಕು ಸಿದ್ಧವಾಯಿತು.

ಆದರೂ ಒಮ್ಮೊಮ್ಮೆ ಈ ಮನುಷ್ಯ ಹೇಳದೆ ಕೇಳದೆ ಬರುತ್ತಾರೆ. ಅಂಥದ್ದೊಂದರ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1985ರ ಜುಲೈನಲ್ಲಿ ‘ಲೈವ್ ಏಡ್’ ವೇದಿಕೆಯಲ್ಲಿ ಡಿಲನ್, ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಮತ್ತು ರಾನ್ ವುಡ್ ಜೊತೆ ಸೇರಿ ಹಾಡಿದ್ದು ಅಭಿಮಾನಿಗಳೇ ತಲೆ ತಗ್ಗಿಸುವಷ್ಟು ಅಸ್ತವ್ಯಸ್ತವಾಗಿತ್ತು. ತಂತಿ ಬೇರೆ ಹರಿಯಿತು. ಅದರ ನಡುವೆ, ಆಫ್ರಿಕಾದ ಬರಕ್ಕೆ ಕೂಡಿಸಿದ ಹಣದಲ್ಲಿ ಸ್ವಲ್ಪವನ್ನು ಅಮೆರಿಕದ ರೈತರ ಸಾಲಕ್ಕೂ ಕೊಡಬಹುದೇನೋ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟರು. ಸಂಘಟಕ ಬಾಬ್ ಗೆಲ್ಡಾಫ್ ಕಿಡಿಕಿಡಿಯಾದರು. ಆದರೆ ಆ ಮಾತನ್ನು ವಿಲ್ಲಿ ನೆಲ್ಸನ್, ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಹಿಡಿದುಕೊಂಡರು. ಎರಡೇ ತಿಂಗಳಲ್ಲಿ ‘ಫಾರ್ಮ್ ಏಡ್’ ಹುಟ್ಟಿತು, ಇವತ್ತಿಗೂ ನಡೆಯುತ್ತಿದೆ. 2023ರ ಸೆಪ್ಟೆಂಬರ್ 23ರಂದು ಇಂಡಿಯಾನಾದ ನೋಬಲ್ಸ್‌ವಿಲ್‌ನಲ್ಲಿ ನಡೆದ ಫಾರ್ಮ್ ಏಡ್‌ನಲ್ಲಿ, ಮುದ್ರಿಸಿದ ಪಟ್ಟಿಯಲ್ಲಿ ಹೆಸರೇ ಇಲ್ಲದ 82ರ ಡಿಲನ್ ಕತ್ತಲೆಯಿಂದ ಬಂದು ನಿಂತರು. ಕೈಯಲ್ಲಿ ವಿದ್ಯುತ್ ಗಿಟಾರು. ಮೂರೇ ಹಾಡು, ಮೊದಲನೆಯದು ‘ಮ್ಯಾಗೀಸ್ ಫಾರ್ಮ್’. ಈ ಸಲ ಕಡಿಮೆಯಾಯಿತೆಂದು ಯಾರೂ ಕೂಗಲಿಲ್ಲ, ಸಿಕ್ಕಿದ್ದೇ ಪ್ರಸಾದ.

ಆದ್ದರಿಂದ ನಿಮ್ಮ ಮಕ್ಕಳೋ ನೆಂಟರೋ ಅಮೆರಿಕದಲ್ಲಿದ್ದು, ನಿಮ್ಮನ್ನು ಇಂಥ ಉತ್ಸವಕ್ಕೆ ಕರೆದುಕೊಂಡು ಹೋದರೆ, ಪಾರ್ಕಿಂಗಿನ ಗದ್ದಲ ತಪ್ಪಿಸಿಕೊಳ್ಳೋಣ ಎಂದು ಬೇಗ ಏಳಬೇಡಿ. ಪಟ್ಟಿಯಲ್ಲಿರುವ ಹೆಸರೆಲ್ಲ ಮುಗಿದ ಮೇಲೂ ಹತ್ತು ನಿಮಿಷ ಕೂತಿರಿ.