ವನಶಿಬಿರಾತ್ಮವಿಚಾರ

ಕಾವ್ಯದ ಆತ್ಮ ಯಾವುದೆಂಬ ಜಿಜ್ಞಾಸೆಯಲ್ಲಿ ನಮ್ಮ ಆಲಂಕಾರಿಕರು ಶತಮಾನಗಳನ್ನೇ ಕಳೆದರು. ವಾಮನನು ಅದನ್ನು ರೀತಿಯಲ್ಲಿ ಕಂಡನು, ಆನಂದವರ್ಧನನು ಧ್ವನಿಯಲ್ಲಿ ಕಂಡನು, ಕುಂತಕನು ವಕ್ರೋಕ್ತಿಯನ್ನು ಬಿಟ್ಟು ಕದಲಲಿಲ್ಲ. ಇಂತಹ ವಾದಕುಶಲರನ್ನು ಪಡೆದ ನಾಡಿನಲ್ಲಿ, ವರ್ಷಕ್ಕೊಮ್ಮೆ ದಸರಾ ರಜೆಯ ಆಸುಪಾಸಿನಲ್ಲಿ ನಗರದ ಪ್ರೌಢಶಾಲೆಗಳು ಮಕ್ಕಳನ್ನು ಬಸ್ಸಿಗೆ ಹತ್ತಿಸಿಕೊಂಡು ಪಶ್ಚಿಮಘಟ್ಟಗಳ ಕಡೆಗೆ ಕೈಗೊಳ್ಳುವ, ‘ಸಾಹಸ ಹಾಗೂ ಪರಿಸರ ಶಿಕ್ಷಣ ಶಿಬಿರ’ವೆಂಬ ದೀರ್ಘನಾಮಧೇಯವುಳ್ಳ ಮಹಾಪ್ರಸ್ಥಾನಕ್ಕೂ ಒಂದು ಆತ್ಮವಿದ್ದೀತೆಂಬ ಶಂಕೆ ಈವರೆಗೆ ಯಾವ ವಿದ್ವಾಂಸನಿಗೂ ತಲೆದೋರದೆ ಹೋದುದು ಶೋಚನೀಯ. ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ತುಂಬಿಕೊಡುವುದೆಂದು ಲೇಖಕನು ನಂಬಿದ್ದಾನೆ. ಓದುಗರೂ ನಂಬಬೇಕೆಂಬ ಕಡ್ಡಾಯವೇನಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧಚತುಷ್ಟಯವನ್ನು ಮೊದಲು ಹೇಳತಕ್ಕದ್ದು. ಇಲ್ಲಿ ವಿಷಯವು ಶಿಬಿರ, ಪ್ರಯೋಜನವು ಪ್ರಮಾಣಪತ್ರ, ಸಂಬಂಧವು ಶಾಲೆಗೂ ಪೋಷಕರಿಗೂ ನಡುವೆ ಶುಲ್ಕರೂಪದಲ್ಲಿ ನೆಲೆಸಿರತಕ್ಕದ್ದು, ಅಧಿಕಾರಿಯಾದರೋ ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಮಾಡಿಸಿ ತಂದ ಎಂಟನೆಯ ತರಗತಿಯ ವಿದ್ಯಾರ್ಥಿ. ವೇದಾಂತದ ಅಧಿಕಾರಿಗೆ ಸಾಧನಚತುಷ್ಟಯವು ಬೇಕಾಗುವಂತೆ ಇವನಿಗೂ ಟಾರ್ಚು, ಟೋಪಿ, ನೀರಿನ ಬಾಟಲಿ ಹಾಗೂ ಬೇಡವೆಂದರೂ ಕೇಳದೆ ತಾಯಿಯು ಚೀಲಕ್ಕೆ ತುರುಕಿದ ಚಕ್ಕುಲಿ ಡಬ್ಬಿ ಎಂಬ ನಾಲ್ಕು ಸಾಧನಗಳಿರುತ್ತವೆ. ಒಪ್ಪಿಗೆ ಪತ್ರವೆಂಬ ಗ್ರಂಥವಂತೂ ಪ್ರತ್ಯೇಕ ಭಾಷ್ಯಕ್ಕೆ ಯೋಗ್ಯವಾದುದು. ಅದರ ಮೊದಲನೆಯ ವಾಕ್ಯದಲ್ಲಿ ಶಾಲೆಯು ಮಕ್ಕಳ ಸಕಲ ಕ್ಷೇಮವನ್ನೂ ತಾನೇ ನೋಡಿಕೊಳ್ಳುವುದು. ಎರಡನೆಯ ವಾಕ್ಯದಲ್ಲಿ ಯಾವುದಕ್ಕೂ ತಾನು ಹೊಣೆಯಲ್ಲವೆನ್ನುವುದು. ಕರ್ತೃವೂ ಹೌದು, ಅಕರ್ತೃವೂ ಹೌದು ಎಂಬ ಸ್ಥಿತಿಯು ಪರಬ್ರಹ್ಮವಸ್ತುವಿಗೆ ಮಾತ್ರ ಸಲ್ಲತಕ್ಕದ್ದೆಂದು ಭಾವಿಸಿದ್ದವರು ಈ ಪತ್ರವನ್ನು ಓದಿರಲಾರರು.

ಪೂರ್ವಾಚಾರ್ಯರನ್ನು ಸ್ಮರಿಸದೆ ಸಿದ್ಧಾಂತಕ್ಕೆ ಕೈಹಾಕುವುದು ಶಿಷ್ಟರ ನಡೆಯಲ್ಲ. 1907ರಲ್ಲಿ ಬೇಡನ್ ಪೊವೆಲ್ ಎಂಬ ಆಂಗ್ಲ ಸೇನಾನಿಯು ಸಿರಿವಂತರ ಮಕ್ಕಳನ್ನೂ ದುಡಿಮೆಗಾರರ ಮಕ್ಕಳನ್ನೂ ಬೆರೆಸಿ ಇಪ್ಪತ್ತು ಚಿಲ್ಲರೆ ಬಾಲಕರನ್ನು ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದು, ಆಫ್ರಿಕದ ಕುಡು ಎಂಬ ಮೃಗದ ಸುರುಳಿಗೊಂಬನ್ನು ಊದಿ ಅವರನ್ನು ಬೆಳಗ್ಗೆ ಎಬ್ಬಿಸಿದನು. ಜರ್ಮನಿಯಿಂದ ದೇಶಭ್ರಷ್ಟನಾಗಿ ಬಂದಿದ್ದ ಕುರ್ಟ್ ಹಾನ್ ಎಂಬ ಉಪಾಧ್ಯಾಯನು, ಟಾರ್ಪೀಡೋ ಬಡಿದು ಹಡಗು ಮುಳುಗಿದಾಗ ಹಳಬರಾದ ನಾವಿಕರು ಹೇಗೋ ಬದುಕಿ ಉಳಿಯುತ್ತಿರಲು ಗಟ್ಟಿಮುಟ್ಟಾದ ತರುಣರೇ ಧೈರ್ಯಗೆಟ್ಟು ಪ್ರಾಣ ಬಿಡುತ್ತಿರುವರೆಂಬ ಹಡಗಿನ ಒಡೆಯನೊಬ್ಬನ ದೂರನ್ನು ಕೇಳಿ, 1941ರಲ್ಲಿ ವೇಲ್ಸಿನ ಅಬರ್‌ಡವಿಯಲ್ಲಿ ಕಡಲನ್ನೂ ಬೆಟ್ಟವನ್ನೂ ಪಾಠವಾಗಿಟ್ಟು ಒಂದು ಶಾಲೆಯನ್ನು ತೆರೆದನು. ನಮ್ಮ ದೇಶದಲ್ಲಿ 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ವಿಧಿಸಿತು. 2001ರಲ್ಲಿ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಎಕೋ ಕ್ಲಬ್ಬುಗಳು ಹುಟ್ಟಿದವು. ಈ ಸುದೀರ್ಘ ಪರಂಪರೆಯಲ್ಲಿ ಕುಡುವಿನ ಕೊಂಬು ಸವೆಯುತ್ತ ಸವೆಯುತ್ತ ಪಿ.ಟಿ. ಮೇಷ್ಟರ ಕೊರಳಿನ ಪ್ಲಾಸ್ಟಿಕ್ ಸೀಟಿಯಾಗಿ ಪರಿಣಮಿಸಿತೆಂಬುದನ್ನು ಓದುಗರು ನೆನಪಿಟ್ಟಿರಬೇಕು. ಮುಂದೆ ಅದು ಉಪಯೋಗಕ್ಕೆ ಬರುವುದು.

ಇನ್ನು ಪೂರ್ವಪಕ್ಷಗಳು. ಸಾಹಸವೇ ಶಿಬಿರದ ಆತ್ಮವೆಂದು ಒಂದು ಪಕ್ಷ. ಇವರ ಪುಣ್ಯಕ್ಷೇತ್ರ ರಾಮನಗರ. ಅಲ್ಲಿನ ಬೆಟ್ಟಗಳ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಅಷ್ಟು ಕಾಲ ಸುಮ್ಮನಿದ್ದ ಬಂಡೆಯ ನೆತ್ತಿಯಲ್ಲಿ ಬಾಲಕನನ್ನು ನಿಲ್ಲಿಸಿ, ಸೊಂಟಕ್ಕೆ ಹಾರ್ನೆಸ್ ಬಿಗಿದು, ಕ್ಯಾರಬೀನರಿಗೆ ಹಗ್ಗವನ್ನು ಸೇರಿಸಿ, ‘ಹಿಂದಕ್ಕೆ ವಾಲು’ ಎಂದು ಆಜ್ಞಾಪಿಸುವುದಕ್ಕೆ ರ‍್ಯಾಪೆಲಿಂಗ್ ಎಂದು ಹೆಸರು. ಹಿಂದಕ್ಕೆ ವಾಲಿ ಅಂಗಾಲುಗಳನ್ನು ಬಂಡೆಗೆ ಒತ್ತಿದರೆ ಕಾಲು ನಿಲ್ಲುವುದು, ಭಯಪಟ್ಟು ಬಂಡೆಯನ್ನು ತಬ್ಬಿಕೊಂಡರೆ ಜಾರುವುದು, ಬಾಲಕನು ತಬ್ಬಿಕೊಳ್ಳುವನು. ಅದ್ವೈತಿಗಳ ಹಗ್ಗದಲ್ಲಿ ಹಾವು ತೋರಿದ್ದು ಮಬ್ಬು ಬೆಳಕಿನಿಂದ. ಇವನಿಗೆ ನಡುಹಗಲಿನಲ್ಲಿಯೇ ಆ ಹಗ್ಗದಲ್ಲಿ ಅಜ್ಜಿ, ಮನೆದೇವರು, ಅರ್ಧವಾರ್ಷಿಕ ಪರೀಕ್ಷೆ ಎಲ್ಲವೂ ಒಟ್ಟಿಗೆ ತೋರುತ್ತವೆ. ಈ ಪಕ್ಷವು ಮನೋಹರವಾಗಿದ್ದರೂ ನಿಲ್ಲತಕ್ಕದ್ದಲ್ಲ. ಒಬ್ಬೊಬ್ಬನೂ ಹಗ್ಗದ ಮೇಲಿರುವುದು ಐದು ನಿಮಿಷ. ಉಳಿದವರ ಸರದಿ ಮುಗಿಯುವವರೆಗೆ ಬಿಸಿಲಿನಲ್ಲಿ ಕಾಯುವುದು ಮೂರು ಗಂಟೆ. ಹೆಚ್ಚು ಕಾಲ ವ್ಯಾಪಿಸಿರುವುದೇ ಆತ್ಮವೆನ್ನುವುದಾದರೆ ಶಿಬಿರಕ್ಕೆ ಸರದಿಯೇ ಆತ್ಮವಾಗಬೇಕಾಗುತ್ತದೆ, ಆಗ ಪಡಿತರ ಅಂಗಡಿಗೂ ಸಾಹಸಶಿಬಿರಕ್ಕೂ ಭೇದವಿಲ್ಲದಂತಾಗುತ್ತದೆ.

ಪರಿಸರಜ್ಞಾನವೇ ಆತ್ಮವೆಂಬುದು ಎರಡನೆಯ ಪಕ್ಷ. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಫ್ಲೆಕ್ಸಿನ ಮೇಲೆ ಮುದ್ರಿಸಿ ಬಸ್ಸಿನ ಮುಂಭಾಗಕ್ಕೆ ಕಟ್ಟಿಕೊಂಡು ಬರುವವರು ಇವರೇ. ಸಂಸೆಯಿಂದಾಚೆಗೆ ಕುದುರೆಮುಖದ ತಪ್ಪಲಿನ ಶೋಲಾ ಕಾಡಿನಲ್ಲಿ ಸಿಂಗಳೀಕ, ಕೆಂಜಳಿಲು, ಕಾಟಿ, ಹುಲಿಗಳಿರುವವೆಂದು ಇವರು ವರ್ಕ್‌ಶೀಟಿನಲ್ಲಿ ಮೊದಲೇ ಚಿತ್ರಸಹಿತ ಅಚ್ಚು ಹಾಕಿಸಿ ಕಂಡುದರ ಎದುರಿಗೆ ಗುರುತು ಮಾಡಬೇಕೆಂದು ವಿಧಿಸುತ್ತಾರೆ. ಆದರೆ ನಲವತ್ತೆರಡು ಮಕ್ಕಳು ಚಕ್ಕುಲಿ ಮುರಿಯುತ್ತ ನಡೆಯುವಾಗ ಒಂದು ಮೈಲಿ ಫಾಸಲೆಯಲ್ಲಿ ಯಾವ ಪ್ರಾಣಿಯೂ ನಿಲ್ಲುವುದಿಲ್ಲ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನೇ, ಒಂದು ಸ್ವತಂತ್ರ ಪ್ರಮಾಣವಾಗಿ ಒಪ್ಪಿದ್ದಾರೆ. ನೆಲದಲ್ಲಿ ಕೊಡವಿಲ್ಲವೆಂಬುದನ್ನು ನಾವು ತಿಳಿಯುವುದು ಅದರಿಂದಲೇ. ಈ ಪ್ರಮಾಣದಿಂದ ನಮ್ಮ ಮಕ್ಕಳು ಒಂದೇ ಬೆಳಗಿನಲ್ಲಿ ಹುಲಿ, ಕಾಟಿ, ಸಿಂಗಳೀಕಗಳೆಲ್ಲವನ್ನೂ ತಿಳಿದು ಹಿಂದಿರುಗುತ್ತಾರೆ. ದಾರಿಯಲ್ಲಿ ಒಂದು ಕಾಟಿಯ ಸಗಣಿ ಸಿಕ್ಕಿತೆಂದರೆ, ಹೊಗೆಯಿಂದ ಬೆಂಕಿಯನ್ನು ಊಹಿಸಿದ ತಾರ್ಕಿಕನಿಗಾದಷ್ಟೇ ಆನಂದ ಜೀವಶಾಸ್ತ್ರದ ಮಿಸ್ಸಿಗೂ ಆಗುವುದು.

ಊಟವೇ ಆತ್ಮವೆಂಬ ಚಾರ್ವಾಕಪಕ್ಷವು ವಿದ್ಯಾರ್ಥಿಗಳಲ್ಲಿ ಬಹುಮತವನ್ನು ಪಡೆದಿದ್ದರೂ, ಮೂರು ಹೊತ್ತೂ ಚಿತ್ರಾನ್ನವೇ ಆದುದರಿಂದ ತಾನಾಗಿಯೇ ಬಿದ್ದುಹೋಯಿತು.

ಆದುದರಿಂದ ಎಣಿಕೆಯೇ ಶಿಬಿರದ ಆತ್ಮವೆಂಬುದು ನಮ್ಮ ಸಿದ್ಧಾಂತ. ಬಸ್ಸು ಹತ್ತುವಾಗ ಎಣಿಕೆ, ಇಳಿದಾಗ ಎಣಿಕೆ. ಹೊಳೆ ದಾಟುವ ಮೊದಲು ಎಣಿಕೆ, ದಾಟಿದ ಬಳಿಕ ಎಣಿಕೆ. ನಡುರಾತ್ರಿಯಲ್ಲಿ ಮಲಗಿದವರ ಮುಖಕ್ಕೆ ಟಾರ್ಚು ಬಿಟ್ಟು ಎಣಿಕೆ. ನದಿ ದಾಟಿದ ಹತ್ತು ಮಂದಿಯಲ್ಲಿ ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ ಒಬ್ಬನು ಮುಳುಗಿಹೋದನೆಂದು ಅತ್ತ ಕಥೆಯನ್ನು ವೇದಾಂತಿಗಳು ಆತ್ಮಜ್ಞಾನಕ್ಕೆ ದೃಷ್ಟಾಂತವಾಗಿ ಬಳಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಯಾವುದೋ ಗುರುಕುಲದ ಚಾರಣಶಿಬಿರದ ವರದಿಯಾಗಿರಬೇಕು. ಆಮೇಲಿನವರು ಅದಕ್ಕೆ ತತ್ತ್ವವನ್ನು ಅಂಟಿಸಿದರು.

ಎಣಿಕೆಯ ಸಂಸ್ಕಾರವು ಮಕ್ಕಳಲ್ಲಿ ಎಷ್ಟು ಆಳಕ್ಕೆ ಇಳಿಯುವುದೆಂಬುದಕ್ಕೆ ಒಂದು ನಿದರ್ಶನ. ಘಟ್ಟದ ಹಳ್ಳಗಳ ಬದಿಯಲ್ಲಿ ಮಲಬಾರ್ ವಿಸ್ಲಿಂಗ್ ಥ್ರಷ್ ಎಂಬ ಪಕ್ಷಿಯು ವಾಸಿಸುತ್ತದೆ. ಮೈ ಕಪ್ಪುನೀಲಿ, ಹಣೆಯಲ್ಲೂ ಹೆಗಲಲ್ಲೂ ಹೊಳೆಯುವ ನೀಲಿ ಪಟ್ಟಿ. ನಸುಕಿನಲ್ಲಿ ಅದು ಹಾಕುವ ಸಿಳ್ಳು ಮನುಷ್ಯನದೇ ಎಂದು ಯಾರಾದರೂ ಆಣೆಯಿಟ್ಟು ಹೇಳಬಹುದು. ಅಂತಹ ಒಂದು ನಸುಕಿನಲ್ಲಿ ಆ ಪಕ್ಷಿಯು ಸಿಳ್ಳು ಹಾಕಿದೊಡನೆ ನಲವತ್ತೆರಡು ಮಕ್ಕಳೂ ಕಂಬಳಿ ಕೊಡವಿ, ಕಣ್ಣು ಬಿಡದೆಯೇ ಅಂಗಳಕ್ಕೆ ಬಂದು ಎರಡು ಸಾಲಾಗಿ ನಿಂತು, ‘ಒಂದು, ಎರಡು, ಮೂರು’ ಎಂದು ಹೇಳತೊಡಗಿದರು. ಒಳಗೆ ಗಾಢನಿದ್ರೆಯಲ್ಲಿದ್ದ ಪಿ.ಟಿ. ಮೇಷ್ಟರು ‘ಹದಿನೆಂಟು’ ಎಂಬುದು ಕಿವಿಗೆ ಬಿದ್ದಾಗ ಎಚ್ಚೆತ್ತು, ಪಂಚೆಯನ್ನು ಬಿಗಿದುಕೊಳ್ಳುತ್ತ ಹೊರಗೋಡಿ ಬಂದು ಸೀಟಿ ಊದಿದರು. ಹಳ್ಳದ ಕಡೆಯಿಂದ ಪಕ್ಷಿಯು ಅದಕ್ಕಿಂತ ಶುದ್ಧವಾದ ಶ್ರುತಿಯಲ್ಲಿ ಉತ್ತರ ಕೊಟ್ಟಿತು.

ಅಂದಿನ ಎಣಿಕೆಯು ನಲವತ್ತಮೂರಕ್ಕೆ ನಿಂತಿತು. ಒಂದು ಕಡಿಮೆಯಾದರೆ ಏನು ಮಾಡಬೇಕೆಂಬುದು ಸುತ್ತೋಲೆಯಲ್ಲಿದೆ. ಒಂದು ಹೆಚ್ಚಾದರೆ ಏನೆಂಬುದು ಯಾವ ಸ್ಮೃತಿಯಲ್ಲೂ ಇಲ್ಲ. ಮೂರು ಸಲ ಎಣಿಸಿದ ಬಳಿಕ ಸಾಲಿನ ತುದಿಯಲ್ಲಿ, ಚಡ್ಡಿಯ ಮೇಲೆ ದೊಡ್ಡವರ ಸ್ವೆಟರು ತೊಟ್ಟಿದ್ದ ಒಬ್ಬ ಪುಟ್ಟ ಹುಡುಗನು ಪತ್ತೆಯಾದನು.

“ಯಾರೋ ನೀನು?”

“ಅಡುಗೆಯೋರ ಮಗ ಸಾರ್.”

“ಲೈನಲ್ಲಿ ಯಾಕೆ ನಿಂತೆ?”

“ಎಲ್ರೂ ನಿಂತಿದ್ರಲ್ಲ ಸಾರ್.”

ಶಿಬಿರಕ್ಕೆ ಸಂಬಂಧಿಸದವನೆಂದು ಅವನನ್ನು ಸಾಲಿನಿಂದ ಹೊರಗೆ ಕಳುಹಿಸಲಾಯಿತು. ಆ ಹುಡುಗನಿಗೆ ಯಾವ ಮರದಲ್ಲಿ ಕೆಂಜಳಿಲಿನ ಗೂಡಿದೆ, ಯಾವ ಹಾದಿಯಲ್ಲಿ ಕಾಟಿ ನೀರಿಗಿಳಿಯುತ್ತದೆ ಎಂಬುದೆಲ್ಲ ತಿಳಿದಿತ್ತು. ಆದರೆ ಶುಲ್ಕ ಕಟ್ಟಿರಲಿಲ್ಲವಾದ ಕಾರಣ ಅದನ್ನು ಪರಿಸರಜ್ಞಾನವೆಂದು ಪರಿಗಣಿಸಲು ಬರುತ್ತಿರಲಿಲ್ಲ.

ನಮ್ಮ ಸಿದ್ಧಾಂತಕ್ಕೆ ಉಳಿದಿರುವ ಏಕೈಕ ಪ್ರತಿವಾದಿಯೆಂದರೆ ಉಂಬಳ. ಸುಶ್ರುತಾಚಾರ್ಯರು ಸೂತ್ರಸ್ಥಾನದ ಹದಿಮೂರನೆಯ ಅಧ್ಯಾಯವನ್ನು ಜಿಗಣೆಗಳಿಗೇ ಮೀಸಲಿಟ್ಟು, ಆರು ವಿಷಯುಕ್ತ, ಆರು ವಿಷರಹಿತ ಎಂದು ಹನ್ನೆರಡು ಬಗೆಗಳನ್ನು ಹೇಳಿ, ರಾಜರು, ಸಿರಿವಂತರು, ಬಾಲಕರು, ವೃದ್ಧರು, ಅಂಜುಬುರುಕರು, ದುರ್ಬಲರು, ಸ್ತ್ರೀಯರು, ಸುಕುಮಾರರು ಇವರಿಗೆ ರಕ್ತ ತೆಗೆಯಲು ಇದಕ್ಕಿಂತ ಮೃದುವಾದ ಉಪಾಯವಿಲ್ಲವೆಂದು ಅಪ್ಪಣೆ ಕೊಡಿಸಿದ್ದಾರೆ. ಸಿರಿವಂತಿಕೆ, ಬಾಲ್ಯ, ಅಂಜಿಕೆ, ಸುಕುಮಾರತೆಗಳು ಒಂದೇ ದೇಹದಲ್ಲಿ ಒಟ್ಟುಗೂಡುವುದು ನಗರದ ಶಾಲಾವಿದ್ಯಾರ್ಥಿಯಲ್ಲಿ. ಆಚಾರ್ಯರ ದೃಷ್ಟಿ ಅಷ್ಟು ದೂರಕ್ಕೆ ಹರಿದಿತ್ತು. ಸುಶ್ರುತರ ಜಿಗಣೆ ನೀರಿನದು, ಮಲೆನಾಡಿನ ಉಂಬಳ ನೆಲದ್ದು ಎಂಬ ಆಕ್ಷೇಪವನ್ನು ಕಚ್ಚಿಸಿಕೊಂಡವರು ಎತ್ತುವುದಿಲ್ಲ. ಒದ್ದೆ ತರಗೆಲೆಯ ತುದಿಯಲ್ಲಿ ಹಿಂದಿನ ಬಟ್ಟಲನ್ನು ಊರಿ, ಮೈಯನ್ನು ನೂಲಿನಂತೆ ಎತ್ತಿ, ಹೆಜ್ಜೆಯ ಅದುರುವಿಕೆಯನ್ನೂ ಉಸಿರನ್ನೂ ಮೈಯ ಬಿಸಿಯನ್ನೂ ಹಿಡಿದು ಅದು ಬರುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ, ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುವುದರಿಂದ ಅದು ಹೊರಟುಹೋದ ಮೇಲೂ ನೆತ್ತರು ಹರಿಯುತ್ತಲೇ ಇರುತ್ತದೆ. ಯಾವ ಮೃಗವೂ ದರ್ಶನ ಕೊಡದ ಆ ಕಾಡಿನಲ್ಲಿ ಮಕ್ಕಳೆಲ್ಲರಿಗೂ ತಪ್ಪದೆ, ಸರದಿಯಿಲ್ಲದೆ, ಪ್ರತ್ಯಕ್ಷ ಪರಿಚಯವಾದ ವನ್ಯಜೀವಿಯು ಇದೊಂದೇ. ಪಿ.ಟಿ. ಮೇಷ್ಟರ ಹಿಮ್ಮಡಿಗೆ ಹತ್ತಿದ್ದನ್ನು ಆ ಅಡುಗೆಯವರ ಮಗನೇ, ಸುಣ್ಣ ಮತ್ತು ಹೊಗೆಸೊಪ್ಪಿನ ಗಂಟನ್ನು ಕೋಲಿನ ತುದಿಗೆ ಕಟ್ಟಿ ತಂದು ಮುಟ್ಟಿಸಿ ಬಿಡಿಸಿದನು. ಮೇಷ್ಟರು ಅವನ ಹೆಸರನ್ನು ಕೇಳಿದರು. ಹಾಜರಿ ಪುಸ್ತಕದಲ್ಲಿ ಬರೆಯಲು ಜಾಗವಿರಲಿಲ್ಲ.

ವರದಿ ಸಿದ್ಧವಾದುದು ಊರಿಗೆ ಬಂದ ಮೇಲೆ. ಹೋದವರು 42, ಬಂದವರು 42, ಶಿಬಿರವು ಯಶಸ್ವಿ. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿಯ ಸಾಕ್ಸಿನೊಳಗೆ ಕುಳಿತು ಬಂದಿದ್ದ ಉಂಬಳವೊಂದನ್ನು ಜೀವಶಾಸ್ತ್ರದ ಮಿಸ್ಸು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಹಾಕಿ ಸಿಬ್ಬಂದಿ ಕೊಠಡಿಗೆ ತಂದರು. ಅದನ್ನು ‘ಸಂಗ್ರಹಿಸಿದ ಮಾದರಿಗಳು’ ಎಂಬ ಕಾಲಮ್ಮಿನಲ್ಲಿ ನಮೂದಿಸಬೇಕೆಂದು ಅವರ ವಾದ; ರಾಷ್ಟ್ರೀಯ ಉದ್ಯಾನದೊಳಗಿಂದ ಜೀವಿಯನ್ನು ತರುವುದಕ್ಕೆ ಕಾನೂನಿನ ಅಡ್ಡಿಯಿದೆಯಾದುದರಿಂದ ಅದು ಶಾಲೆಯಲ್ಲಿ ಇಲ್ಲವೆಂದೇ ತಿಳಿಯತಕ್ಕದ್ದೆಂದು ಮುಖ್ಯೋಪಾಧ್ಯಾಯರ ಪ್ರತಿವಾದ; ಬರುವಾಗಿನ ಎಣಿಕೆ ಹಾಗಾದರೆ ನಲವತ್ತಮೂರಾಗುವುದೆಂದು ಪಿ.ಟಿ. ಮೇಷ್ಟರು ಸಹಿ ಹಾಕಲು ಒಪ್ಪಲಿಲ್ಲ. ಮೂವರೂ ಒಂದು ನಿರ್ಣಯಕ್ಕೆ ಬಂದು ಬಾಟಲಿಯ ಕಡೆಗೆ ತಿರುಗಿದಾಗ ಮುಚ್ಚಳವು ಸಡಿಲವಾಗಿತ್ತು, ಬಾಟಲಿಯು ಬರಿದಾಗಿತ್ತು. ಅಂದಿನ ಉಳಿದ ಅವಧಿಗಳಲ್ಲಿ ಉಪಾಧ್ಯಾಯರೆಲ್ಲರೂ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಮಡಚಿಕೊಂಡು ಉತ್ತರಪತ್ರಿಕೆಗಳನ್ನು ತಿದ್ದಿದರು.