ಮೋಟಾರಣ್ಣ

ಉಜ್ಜಿನಿಯಲ್ಲಿ ಬಸ್ಸಿಳಿದು ಮೋಟಾರಣ್ಣನ ಮನೆ ಯಾವುದು ಎಂದರೆ ಗೋಲಿ ಆಡುವ ಹುಡುಗರೂ ತೋರಿಸುತ್ತಾರೆ. ಮೋಟಾರು ಯಾವುದು ಎಂದು ಮಾತ್ರ ಕೇಳಬಾರದು. ಅದು ಇನ್ನೂ ಬಂದಿಲ್ಲ.

ಉಳಿದದ್ದು ಬಂದಿದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಕಬ್ಬಿಣದ ಚೌಕಟ್ಟು ಕೊಟ್ಟೂರಿನಲ್ಲಿ ವೆಲ್ಡಿಂಗ್ ಮಾಡಿಸಿಕೊಂಡು ಬಂದು ಪಡಸಾಲೆಯಲ್ಲಿ ಕೂತಿದೆ. ಮುಂದೆ ಅದು ಸಿಎನ್‌ಸಿ ರೌಟರ್ ಆಗಲಿದೆ. ಹಲಗೆ ಮಲಗಿಸಿದರೆ ಕಂಪ್ಯೂಟರ್ ಹೇಳಿದಂತೆ ಉಳಿ ತಾನೇ ತಿರುಗುತ್ತ, ಹಿಂದೆ ಮುಂದೆ ಅಡ್ಡ ಕೆಳಗೆ ಓಡಾಡಿ, ಬಾಗಿಲ ಮೇಲೆ ಗಜಲಕ್ಷ್ಮಿಯನ್ನು ಕೊರೆಯಲಿದೆ. ಸದ್ಯಕ್ಕೆ ಅದರ ಮೇಲೆ ಶೇಂಗಾ ಚೀಲ ಒಟ್ಟಿದ್ದಾರೆ. ಬೇಸಿಗೆಯಲ್ಲಿ ನಾಲ್ಕು ಜನ ಹಿಡಿದು ಅಂಗಳಕ್ಕಿಡುತ್ತಾರೆ. ಅತ್ತಿಗೆ ಹಳೇ ಸೀರೆ ಹಾಸಿ ಸಂಡಿಗೆ ಹಾಕುತ್ತಾರೆ. "ಅಳತಿ ಮಾತ್ರ ಬಲು ಚಲೋ ಐತಿ" ಎಂದು ಅವರೂ ಒಪ್ಪುತ್ತಾರೆ.

ಇಂಥವರು ಹಡಗಲಿ ಕಡೆಗೂ ಇದ್ದಾರೆ, ಹಗರಿಬೊಮ್ಮನಹಳ್ಳಿಯಲ್ಲೂ ಇದ್ದಾರೆ. ಹರಪನಹಳ್ಳಿಯಲ್ಲಿ ಇಬ್ಬರಿದ್ದು ಅವರಿಬ್ಬರಿಗೂ ಮಾತಿಲ್ಲವಂತೆ: ಒಬ್ಬ ಸ್ಟೆಪ್ಪರ್ ಮೋಟಾರಿನ ಪಂಥ, ಇನ್ನೊಬ್ಬ ಸರ್ವೋ ಮೋಟಾರಿನ ಪಂಥ. ಐಟಿಐ ಓದಿ, ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಸಿಎನ್‌ಸಿ ಮುಂದೆ ನಿಂತು ಬಟನ್ ಒತ್ತಿ, ಅಪ್ಪನಿಗೆ ವಯಸ್ಸಾಯಿತೆಂದು ಹೊಲಕ್ಕೆ ಮರಳಿದವರು. ಬಟನ್ ಒತ್ತಿದವನಿಗೆ ಒಳಗೇನಿದೆ ಎಂಬ ಕುತೂಹಲ ತಪ್ಪಿದ್ದಲ್ಲ. ಅದರಲ್ಲೂ ನಮ್ಮದು "ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು" ಎನಿಸಿಕೊಂಡ ಊರು. ಮರುಳಸಿದ್ಧೇಶ್ವರ ಗುಡಿಯೊಳಗೆ ಹೋದವರೆಲ್ಲ ಕೈಮುಗಿದು ಒಳಛಾವಣಿಯ ಕೆತ್ತನೆ ನೋಡಿದರೆ, ಮೋಟಾರಣ್ಣ ಕತ್ತೆತ್ತಿ ಲೆಕ್ಕ ಹಾಕುತ್ತಾನೆ: ಮೂರು ಮಿಲಿಮೀಟರ್ ಉಳಿಯಲ್ಲಿ ಇದಕ್ಕೆಷ್ಟು ತಾಸು? ಮಂಗಳಾರತಿ ತಟ್ಟೆ ಅವನನ್ನು ದಾಟಿ ಹೋಗಿರುತ್ತದೆ.

ಇಷ್ಟಕ್ಕೂ ತೊಡಕೇನೆಂದರೆ, ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 1.8 ಡಿಗ್ರಿ. ಇಷ್ಟು ಹೆಜ್ಜೆ ನಡಿ ಎಂದರೆ ನಡೆಯುತ್ತದೆ. ನಡೆಯಿತೋ ಇಲ್ಲವೋ ಎಂದು ಯಾರೂ ತಿರುಗಿ ನೋಡುವುದಿಲ್ಲ. ಅಗ್ಗ, ಸರಳ. ಆದರೆ ಹಲಗೆಯಲ್ಲಿ ಗಂಟು ಸಿಕ್ಕು ಉಳಿ ತಡವರಿಸಿದರೆ ನಾಲ್ಕು ಹೆಜ್ಜೆ ತಪ್ಪುತ್ತವೆ. ಕಂಪ್ಯೂಟರಿಗೆ ಅದು ತಿಳಿಯದು. ಅಲ್ಲಿಂದ ಮುಂದಿನ ಲಕ್ಷ್ಮಿಯೆಲ್ಲ ಅಷ್ಟು ಪಕ್ಕಕ್ಕೆ ಸರಿದು ಮೂಡುತ್ತಾಳೆ. ಸರ್ವೋದಲ್ಲಾದರೆ ದಂಡಕ್ಕೇ ಎನ್‌ಕೋಡರ್ ಕಟ್ಟಿರುತ್ತಾರೆ. ಎಲ್ಲಿರಬೇಕಿತ್ತು, ಎಲ್ಲಿದ್ದೇನೆ ಎಂದು ಅದು ಕ್ಷಣಕ್ಷಣಕ್ಕೂ ವರದಿ ಒಪ್ಪಿಸಿ ತಿದ್ದಿಸಿಕೊಳ್ಳುತ್ತದೆ. ಬೆಲೆಯೂ ಹಾಗೇ ಇದೆ. ನಡುವೆ ಸ್ಟೆಪ್ಪರಿಗೇ ಎನ್‌ಕೋಡರ್ ಕಟ್ಟಿದ ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ಎಂಬ ಮೂರನೆಯದು ಹುಟ್ಟಿ ಮೋಟಾರಣ್ಣನ ಬಾಳು ಹಾಳುಮಾಡಿತು. ಎರಡರಲ್ಲಿ ಒಂದನ್ನು ಇನ್ನೇನು ಆರಿಸಿಯೇಬಿಟ್ಟಿದ್ದ.

ಇದನ್ನು ಅವನು ಚಹಾದಂಗಡಿಯಲ್ಲಿ ವಿವರಿಸುವ ರೀತಿ ಮಾತ್ರ ಎಂಥ ಎಂಜಿನಿಯರಿಂಗ್ ಮೇಷ್ಟ್ರಿಗೂ ಬಾರದು. "ಕೊಟ್ಟೂರು ತೇರು ಎಳೀತಾರಲ್ಲ, ಮಿಣಿ ಹಿಡಿದು ಸಾವಿರ ಮಂದಿ? ಅವರು ಮೋಟಾರು. ಜೋರು ಐತಿ, ಆದ್ರ ಗಾಲಿ ಎತ್ತ ಹೊಂಟೈತಿ ಅಂತ ಅವರಿಗೇನು ಗೊತ್ತು? ಗಾಲಿ ಬುಡದಾಗ ಬಗ್ಗಿ ಸನ್ನಿ ಹಾಕಾವ ಇರ್ತಾನಲ್ಲ, ಅವನ ಎನ್‌ಕೋಡರು. ಅವನಿಲ್ದ ತೇರು ಬಿಟ್ರ ಅಂಗಡಿಯೊಳಗ ಹೊಕ್ಕತೈತಿ."

"ಮತ್ತ ಸನ್ನಿ ಹಾಕಾವನ್ನ ತರಸಪ್ಪ."

"ಅವನ ರೇಟು ಕೇಳೀಯೇನು?"

ಮಿರ್ಚಿ ಕರಿಯುವವನಿಗೆ ಇನ್ನೊಂದು ಸಂಶಯ. ಇಷ್ಟು ವಿಚಾರ ಮಾಡಿ ಇಂಥ ಮಿಷನ್ನು ಲೋಕದಲ್ಲಿ ಯಾರಾದರೂ ಮಾಡಿದ್ದಾರೋ? ಮೋಟಾರಣ್ಣ ಬಿಡುತ್ತಾನೆಯೇ! ಅಮೆರಿಕದ ಎಂಐಟಿಯವರು 1949ರಲ್ಲಿ ಕೈಹಚ್ಚಿ, ತೂತು ಹೊಡೆದ ಪಟ್ಟಿಯನ್ನು ಓದಿ ತಾನೇ ಲೋಹ ಕೊರೆಯುವ ಯಂತ್ರವನ್ನು 1952ರಲ್ಲಿ ತೋರಿಸಿದ್ದನ್ನು ಹೇಳುತ್ತಾನೆ. "ಸರ್ಕಾರದ ರೊಕ್ಕ ಇಟ್ಕೊಂಡು ಅವರಿಗೇ ಮೂರು ವರ್ಷ ಹಿಡೀತು. ನನ್ನದು ಶೇಂಗಾದ ರೊಕ್ಕ."

ಮೂರು ವರ್ಷ ದಾಟಿ ಬಹಳ ಕಾಲವಾಯಿತು. ಚೌಕಟ್ಟಿಗೆ ವೆಲ್ಡಿಂಗ್ ಆದಾಗ ಉಜ್ಜಿನಿ ಕೂಡ್ಲಿಗಿ ತಾಲೂಕಿನಲ್ಲಿತ್ತು. ಆಮೇಲೆ ಕೊಟ್ಟೂರು ತಾಲೂಕಿಗೆ ಸೇರಿತು. 2021ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ವಿಜಯನಗರ ಜಿಲ್ಲೆಗೆ ಸೇರಿತು. ಊರಿಗೆ ಊರೇ ಎರಡು ಸಲ ತೀರ್ಮಾನ ಕಂಡರೂ ಮೋಟಾರಣ್ಣನದು ಒಂದೂ ಆಗಲಿಲ್ಲ.

ಅವನ ಕಟ್ಟಾ ಎದುರಾಳಿ ಎಂದರೆ ಕೊಟ್ಟೂರಿನ ವೈಂಡಿಂಗ್ ಅಂಗಡಿಯ ಮಾವ. ಬೋರ್‌ವೆಲ್ ಮೋಟಾರುಗಳ ಹೊಟ್ಟೆ ಬಗೆದು ತಾಮ್ರದ ತಂತಿ ಸುತ್ತಿ ತಲೆ ಬೆಳ್ಳಗಾದವರು. ಸ್ಟೆಪ್ಪರ್ ಕೊಂಡರೂ ಅದನ್ನು ಓಡಿಸುವ ಡ್ರೈವರ್ ಯಾವುದೆಂಬ ಪ್ರಶ್ನೆ ಎದ್ದ ದಿನ ಇಬ್ಬರಿಗೂ ಕಾಳಗ ಬಿತ್ತು.

"ಏನಂತ ಬರೆದೈತಿ ಅದರ ಮ್ಯಾಲೆ?"

"ಮೂರು ಆಂಪಿಯರ್. ಲೆಕ್ಕಕ್ಕ ಮೂರು ವೋಲ್ಟ್ ಬರ್ತೈತಿ ಮಾವ."

"ನೀ ಎಷ್ಟು ಕೊಡಾಂವ?"

"ಮೂವತ್ತಾರು."

ಮಾವ ಕನ್ನಡಕ ತೆಗೆದರು. "ಸುಡಾಕ ಇಷ್ಟ್ಯಾಕ ಖರ್ಚು? ಒಲ್ಯಾಗ ಹಾಕು."

ಇಲ್ಲಿ ನ್ಯಾಯ ಮೋಟಾರಣ್ಣನ ಕಡೆಗೇ ಇದೆ ಎಂದು ನಾನು ಸಾಕ್ಷಿ ಹೇಳಬಲ್ಲೆ. ಸುರುಳಿಯೊಳಕ್ಕೆ ಕರೆಂಟು ಒಮ್ಮೆಲೇ ನುಗ್ಗುವುದಿಲ್ಲ, ನಿಧಾನಕ್ಕೆ ಏರುತ್ತದೆ. ಮೋಟಾರು ಜೋರಾಗಿ ತಿರುಗುವಾಗ ಅದು ಏರುವಷ್ಟರಲ್ಲಿ ಮುಂದಿನ ಹೆಜ್ಜೆಯ ಸರದಿ ಬಂದಿರುತ್ತದೆ. ಆದ್ದರಿಂದಲೇ ಸ್ಟೆಪ್ಪರಿಗೆ ವೇಗ ಹೆಚ್ಚಿದಷ್ಟೂ ಕಸುವು ಕಡಿಮೆ. ಹಿಂದಿನವರು ವೋಲ್ಟೇಜ್ ಏರಿಸಿ, ಕರೆಂಟು ಮಿತಿಮೀರದಂತೆ ಸಾಲಿನಲ್ಲಿ ಒಂದು ದಪ್ಪ ರೆಸಿಸ್ಟರ್ ಕಟ್ಟುತ್ತಿದ್ದರು. ಶಕ್ತಿಯ ಬಹುಪಾಲು ಅದನ್ನು ಕಾಯಿಸುವುದಕ್ಕೇ ಹೋಗುತ್ತಿತ್ತು. ಈಗಿನ ಚಾಪರ್ ಡ್ರೈವರ್ ಮೂವತ್ತಾರು ವೋಲ್ಟನ್ನೂ ಒಮ್ಮೆಗೇ ನೂಕಿ, ಮೂರು ಆಂಪಿಯರ್ ಮುಟ್ಟಿದ ಗಳಿಗೆಯಲ್ಲಿ ಕತ್ತರಿಸಿ, ಇಳಿದ ಕೂಡಲೇ ಮತ್ತೆ ನೂಕುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಸುಡುವುದು ಕರೆಂಟು ಹೆಚ್ಚಾದರೆ, ಅದು ಹೆಚ್ಚಾಗಲು ಚಾಪರ್ ಬಿಡುವುದೇ ಇಲ್ಲ.

ಮಾವ ಎಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚಿದರು. "ಹಾಂಗಾರ ತಂದು ತೋರ್ಸು." ಮೋಟಾರಣ್ಣ ಈ ಬಗೆಯ ವಾದಕ್ಕೆ ಸಿದ್ಧನಿರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ. ಅಂಗಡಿಯವರು 57 ಮಿಲಿಮೀಟರ್ ಮುಖದ ನೇಮಾ 23 ಸ್ಟೆಪ್ಪರನ್ನು ಕೈಗೇ ಇಟ್ಟರು. ಕೈಯಲ್ಲಿ ತೂಗಿ, ದಂಡ ತಿರುವಿ, ಸಂತೋಷಪಟ್ಟು, ಅದಕ್ಕಿಂತ ದೊಡ್ಡದಾದ ನೇಮಾ 34ರ ಕ್ಯಾಟಲಾಗ್ ಇಸಿದುಕೊಂಡು ರಾತ್ರಿ ಬಸ್ಸಿಗೆ ಮರಳಿದ.

ಮೋಟಾರು ತಿರುಗಿದ್ದನ್ನು ಓಟಕ್ಕೆ ಬದಲಿಸುವುದು ಇನ್ನೊಂದು ಪುರಾಣ. ಐದು ಮಿಲಿಮೀಟರ್ ಪಿಚ್ಚಿನ ಬಾಲ್ ಸ್ಕ್ರೂ ಹಾಕಿದರೆ ಹೆಜ್ಜೆಗೆ 0.025 ಮಿಲಿಮೀಟರ್; ಆದರೆ ಎಂಟಡಿಯ ತೆಳು ಸ್ಕ್ರೂ ಜೋರಾಗಿ ತಿರುಗಿದರೆ ನಡು ಬಳುಕುತ್ತದೆ. ಇಪ್ಪತ್ತು ಹಲ್ಲಿನ ಜಿಟಿ2 ಬೆಲ್ಟಾದರೆ ಹೆಜ್ಜೆಗೆ 0.2, ಮೇಲಾಗಿ ಉದ್ದಕ್ಕೆ ಹಿಗ್ಗುತ್ತದೆ. ರ‍್ಯಾಕ್ ಮತ್ತು ಪಿನಿಯನ್ ಎಷ್ಟುದ್ದಕ್ಕೂ ಸೈ, ಆದರೆ ನಡುವೆ ವೇಗ ಇಳಿಸುವ ಗೇರೋ ಬೆಲ್ಟೋ ಬೇಕು. ಈ ಕೋಷ್ಟಕವನ್ನು ಪಕ್ಕದೋಣಿಯ ಬಡಿಗೇರ ಅಜ್ಜನಿಗೆ ಓದಿ ಹೇಳಿದಾಗ ಅಜ್ಜ ಕೇಳಿದ್ದು ಒಂದೇ: "ಮಳಿಗಾಲಕ್ಕ ಬಾಗಿಲು ಒಂದು ನೂಲು ಉಬ್ಬತೈತಿ. ಆಗ ನಿನ್ನ ಸೊನ್ನಿ ಪಾಯಿಂಟ್ ಸೊನ್ನಿ ಎರಡು ಐದು ಎಲ್ಲಿ ಇಟ್ಕೊಂತಿ?" ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು, ಮೂರು ಮಿಲಿಮೀಟರಿಗೂ ಮೇಲೆ. ಮೋಟಾರಣ್ಣ ಅಂದಿನಿಂದ ಮರದ ತೇವಾಂಶದ ಮೇಲೂ ಓದತೊಡಗಿದ್ದಾನೆ.

ನಡುವೆ ಮನೆಗೆ ಹೊಸ ಕೋಣೆ ಎದ್ದಿತು. "ಮೋಟಾರ್ ಬರೋತನ ಬಾಗಿಲಿಗೆ ಗೋಣಿಚೀಲ ಕಟ್ಟಬೇಕೇನ್ರಿ?" ಎಂದ ಅತ್ತಿಗೆ, ಉತ್ತರಕ್ಕೆ ಕಾಯದೆ ಹಗರಿಬೊಮ್ಮನಹಳ್ಳಿಯ ಕೆತ್ತನೆ ಅಂಗಡಿಗೆ ಮುಂಗಡ ಕೊಟ್ಟೇಬಿಟ್ಟರು. ಬಾಗಿಲು ತರುವ ದಿನ ನಾನೂ ಜತೆಗಿದ್ದೆ. ಅಂಗಡಿಯಾತ ಲೆಕ್ಕ ಬರೆಯುವಷ್ಟರಲ್ಲಿ ಮೋಟಾರಣ್ಣ ಮಿಷನ್ನಿನ ಧೂಳಿನ ಮುಸುಕು ಎತ್ತಿ ಒಳಗೆ ತಲೆ ಹಾಕಿಯಾಗಿತ್ತು. ಒಳಗಿದ್ದದ್ದು ಬರೀ ಸ್ಟೆಪ್ಪರ್. ಎನ್‌ಕೋಡರ್ ಇಲ್ಲ, ಏನಿಲ್ಲ.

"ಸ್ಟೆಪ್ ತಪ್ಪಂಗಿಲ್ಲೇನ್ರಿ?"

"ತಪ್ತಾವ್ರಿ, ಜೋರು ಓಡಿಸಿದ್ರ. ನಾವು ಓಡಿಸಂಗಿಲ್ಲ."

"ಕರೆಂಟ್ ಹೋದ್ರ?"

"ಚಾ ಕುಡಿಯಾಕ ಹೊಕ್ಕೀವಿ. ಬಂದ ಮ್ಯಾಲೆ ಮೂಲಿಗೆ ತಂದು ಮೊದಲಿಂದ ಕೂಡಿಸ್ತೀವಿ."

"ಕೆಟ್ಟ ಹಲಗಿ?"

"ಮಣಿ ಮಾಡಿ ಮಾರ್ತೀವ್ರಿ. ಕೂರಾಕ ಲಕ್ಷ್ಮಿ ಬೇಕಾಗಂಗಿಲ್ಲಲ್ರಿ."

ಕೊಟ್ಟೂರು ಬರುವವರೆಗೂ ಮೋಟಾರಣ್ಣ ಮಾತಾಡಲಿಲ್ಲ. ಈಗ ಬಾಗಿಲು ಕೂತಿದೆ, ಅತ್ತಿಗೆ ದಿನಾ ಕುಂಕುಮ ಹಚ್ಚುತ್ತಾರೆ. ಬಂದವರನ್ನೆಲ್ಲ ಅವನು ಬಾಗಿಲ ಮುಂದೆ ನಿಲ್ಲಿಸಿ, ಎಡಗಡೆಯ ಆನೆಯ ಸೊಂಡಿಲಿಗೆ ಟಾರ್ಚ್ ಬಿಡುತ್ತಾನೆ: "ಕಂಡಿತೇನು? ಇಲ್ಲೊಂದು ಸ್ಟೆಪ್ ಹೋಗೈತಿ." ಯಾರಿಗೂ ಕಾಣುವುದಿಲ್ಲ. ಈ ಸೊಂಡಿಲು ಕಂಡಾಗಿನಿಂದ ಅವನು ಸರ್ವೋ ಕಡೆಗೆ ವಾಲಿದ್ದಾನೆ. ದೀಪಾವಳಿಯೊಳಗೆ ಮೋಟಾರು ಬಂದೇ ಬರುತ್ತದಂತೆ.

"ಯಾವ ದೀಪಾವಳಿ?" ಎಂದು ಒಳಗಿನಿಂದ ಅತ್ತಿಗೆ ಕೇಳಿದರು.